ಜೈಸಲ್ಮೇರಿನ ಮರಳಿನಿಂದ ಉತ್ತರದ ಆಕಾಶ

ನಕ್ಷತ್ರ ನೋಡಲೆಂದೇ ಬೆಳಗಾವಿಯಿಂದ ಥಾರ್ ಮರುಭೂಮಿಗೆ ಹೋಗುವವರು ಟಿಕೆಟ್ ತೆಗೆಸುವ ಮೊದಲು ಒಂದು ಲೆಕ್ಕ ಹಾಕಬೇಕು. ಬೆಳಗಾವಿ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಜೈಸಲ್ಮೇರ್ 27ರಲ್ಲಿ. ಧ್ರುವ ನಕ್ಷತ್ರ ಅಲ್ಲಿ 11 ಡಿಗ್ರಿ ಹೆಚ್ಚು ಎತ್ತರದಲ್ಲಿ ಕಾಣುತ್ತದೆ, ಅಂದರೆ ಕೈ ಚಾಚಿ ಹಿಡಿದ ಒಂದು ಮುಷ್ಟಿಗಿಂತ ತುಸು ಜಾಸ್ತಿ. ದಕ್ಷಿಣದ ಆಕಾಶ ಅಷ್ಟೇ ಕೆಳಗಿಳಿಯುತ್ತದೆ. ಅಗಸ್ತ್ಯ ನಕ್ಷತ್ರ ನಮ್ಮಲ್ಲಿ 21 ಡಿಗ್ರಿವರೆಗೆ ಏರಿದರೆ ಅಲ್ಲಿ 10ಕ್ಕೇ ನಿಲ್ಲುತ್ತದೆ, ದಿಗಂತದ ಧೂಳಿನಲ್ಲಿ ಮಂಕಾಗುತ್ತದೆ. ಏಪ್ರಿಲ್-ಮೇ ರಾತ್ರಿಗಳಲ್ಲಿ ಖಾನಾಪುರದ ಕಡೆಯ ಬಯಲಿನಿಂದ ಕಾಣುವ ತ್ರಿಶಂಕು ನಕ್ಷತ್ರಪುಂಜ (ಸದರ್ನ್ ಕ್ರಾಸ್) ಅಲ್ಲಿ ಪೂರ್ತಿ ಮೇಲೇಳುವುದೇ ಇಲ್ಲ. ಆಕಾಶಗಂಗೆಯ ಕೇಂದ್ರವೂ ನಮ್ಮಲ್ಲಿ 45 ಡಿಗ್ರಿ, ಅಲ್ಲಿ 34. ಆದ್ದರಿಂದ ಬೇಸಿಗೆಯ ಆಕಾಶಕ್ಕಾಗಿ ಅಷ್ಟು ದೂರ ಹೋಗಬೇಡಿ. ಮೇ-ಜೂನ್‌ನಲ್ಲಿ ಅಲ್ಲಿ ಧೂಳಿನ ಬಿರುಗಾಳಿ ಬೇರೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ, ಅಮಾವಾಸ್ಯೆಯ ಆಚೀಚೆ ನಾಲ್ಕು ದಿನ ಇಟ್ಟುಕೊಳ್ಳಿ. ಚಳಿಗಾಲದ ಮಳೆ ಬಂದುಹೋದ ಮರುದಿನ ಸಿಕ್ಕರೆ ಅದೃಷ್ಟ. ಗಾಳಿಯ ಧೂಳೆಲ್ಲ ತೊಳೆದುಹೋಗಿರುತ್ತದೆ.

ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಮೀರಜ್ ಮೇಲೆ ಹಾಯ್ದು ಜೋಧಪುರಕ್ಕೆ ಹೋಗುವ ರೈಲು ಇದೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ದಾರಿಯ ಊಟದ ಚಿಂತೆ ಇಲ್ಲ. ಜೋಧಪುರದಿಂದ ಜೈಸಲ್ಮೇರಿಗೆ ರೈಲು, ಬಸ್ಸು ಎರಡೂ ಸಿಗುತ್ತವೆ.

ಜೈಸಲ್ಮೇರಿನ ಬಳಿಯ ಡೆಸರ್ಟ್ ನ್ಯಾಷನಲ್ ಪಾರ್ಕ್ 3162 ಚದರ ಕಿ.ಮೀ. ಹರಡಿದೆ. ಪ್ರವಾಸಿಗರು ಹೆಚ್ಚಾಗಿ ಹೋಗುವುದು ಪಟ್ಟಣದಿಂದ ಸುಮಾರು 40 ಕಿ.ಮೀ. ದೂರದ ಸಮ್ ದಿಬ್ಬಗಳಿಗೆ. ಟೆಂಟುಗಳ ದೀಪ, ಹಾಡು-ಕುಣಿತದ ನಡುವೆ ಅಲ್ಲಿ ಕತ್ತಲೆ ಸಿಗುವುದು ಕಷ್ಟ. ಖೂರಿ ಹಳ್ಳಿಯ ಕಡೆ ತಂಗುವುದು ವಾಸಿ. ಅಲ್ಲಿಯೂ ಒಂದು ದಿಕ್ಕಿನಲ್ಲಿ ಗಾಳಿಯಂತ್ರಗಳ ಕೆಂಪು ದೀಪ ಮಿಣುಕುತ್ತಿದ್ದರೆ ಅದಕ್ಕೆ ಬೆನ್ನು ಮಾಡಿ ಕೂಡಿ. ಪಾರ್ಕಿನೊಳಗೆ ಹೋಗಲು ಜೈಸಲ್ಮೇರಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಪಾಕಿಸ್ತಾನದ ಗಡಿ ದೂರವಿಲ್ಲ, ಡ್ರೋನ್ ಒಯ್ಯಲೇಬೇಡಿ. ನೆಲದ ಮೇಲೆ ಮೊಟ್ಟೆಯಿಡುವ, ಅಳಿವಿನಂಚಿನ ಎರೆಬೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಕೊನೆಯ ನೆಲೆಗಳಲ್ಲಿ ಇದೊಂದು. ಟಾರ್ಚನ್ನು ಪೊದೆಗಳ ಕಡೆ ಬೀಸುವುದು, ರಸ್ತೆ ಬಿಟ್ಟು ಜೀಪು ಓಡಿಸುವುದು ಇಲ್ಲಿ ನಿಜವಾದ ಅಪರಾಧ ಎಂದೇ ನಮ್ಮ ಭಾವನೆ.

ಡಿಸೆಂಬರ್‌ನಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗಿದರೂ ಪೂರ್ತಿ ಕತ್ತಲಾಗಲು ಇನ್ನೂ ಒಂದೂಕಾಲು ಗಂಟೆಯ ಮೇಲೆ ಬೇಕು. ಬೆಳಕಿರುವಾಗಲೇ ಟ್ರೈಪಾಡ್ ನಿಲ್ಲಿಸಿ. ಒಣ ಮರಳಿನಲ್ಲಿ ಅದರ ಕಾಲು ನಿಧಾನಕ್ಕೆ ಹೂಳುತ್ತಾ ಹೋಗುತ್ತದೆ, ಫೋಟೋದಲ್ಲಿ ನಕ್ಷತ್ರಗಳು ಎಳೆದಂತೆ ಬರುತ್ತವೆ. ಮೂರು ಕಾಲಿನ ಕೆಳಗೂ ಅಂಗೈಯಗಲದ ಪ್ಲೈವುಡ್ ತುಂಡು ಇಡಿ. ಕಾಲಿನ ಎಲ್ಲಕ್ಕಿಂತ ಕೆಳಗಿನ ಕೊಳವೆಯನ್ನು ಮೊದಲು ಒಂದು ಗೇಣು ಹೊರಗೆಳೆಯಿರಿ. ಆಗ ಅದರ ತಿರುಪು ಮರಳಿಗೆ ತಾಗುವುದಿಲ್ಲ. ಒಳಗೆ ನಾಲ್ಕು ಕಾಳು ಮರಳು ಹೊಕ್ಕರೂ ಕರಕರ ಎನ್ನುತ್ತಾ ಬಿಗಿಯದಂತಾಗುತ್ತದೆ.

ಕ್ಯಾಮೆರಾಕ್ಕೆ 14 ಎಂಎಂ ಲೆನ್ಸ್, ಎಫ್ 2.8 (ಲೆನ್ಸಿನ ಕಿಂಡಿಯ ಅಳತೆ), ಐಎಸ್ಒ 3200 (ಬೆಳಕಿನ ಸೂಕ್ಷ್ಮತೆ), 20 ಸೆಕೆಂಡ್ ಎಕ್ಸ್‌ಪೋಷರ್: ಇಲ್ಲಿಂದ ಶುರುಮಾಡಿ. ಫೋಕಸ್ಸನ್ನು ಲುಬ್ಧಕದಂಥ ಪ್ರಖರ ನಕ್ಷತ್ರದ ಮೇಲೆ, ಪರದೆಯಲ್ಲಿ ಹಿಗ್ಗಿಸಿ, ಕೈಯಿಂದಲೇ ಹೊಂದಿಸಿ. ರಾತ್ರಿ ಚಳಿ ಏರಿದಂತೆ ಅದು ಸರಿಯುವುದರಿಂದ ತಾಸಿಗೊಮ್ಮೆ ನೋಡಿ.

ಆದರೆ ಕ್ಯಾಮೆರಾದಲ್ಲೇ ಮುಳುಗಿಬಿಟ್ಟರೆ ಹೋದದ್ದು ವ್ಯರ್ಥ. ಕೌದಿ ಹಾಸಿ ಅಂಗಾತ ಮಲಗಿ, ಮೇಲೊಂದು ದಪ್ಪ ಕಂಬಳಿ ಹೊದ್ದುಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಲು ಅರ್ಧ ತಾಸು ಬೇಕು. ಯಾರಾದರೂ ಒಮ್ಮೆ ಮೊಬೈಲ್ ತೆರೆದರೆ ಮತ್ತೆ ಮೊದಲಿನಿಂದ. ಟಾರ್ಚಿಗೆ ಕೆಂಪು ಗಾಜುಕಾಗದ ಎರಡು ಪದರ ಸುತ್ತಿ. ಮೊದಲು ದೇವಯಾನಿ ಗ್ಯಾಲಕ್ಸಿ ನೋಡಿ. ಬರಿಗಣ್ಣಿಗೆ ಉದ್ದನೆಯ ಮಬ್ಬು ಕಲೆ, 10x50 ಬೈನಾಕ್ಯುಲರಿನಲ್ಲಿ ಅದರ ಅಂಚುಗಳು ಹರಡುತ್ತಾ ಹೋಗುವುದು ತಿಳಿಯುತ್ತದೆ. ಆಮೇಲೆ ಪರ್ಸಿಯಸ್ ನಕ್ಷತ್ರಪುಂಜದ ಜೋಡಿ ನಕ್ಷತ್ರಗುಚ್ಛ: ಬೆಳಗಾವಿಯಲ್ಲಿ ಹೆಚ್ಚೆಂದರೆ 49 ಡಿಗ್ರಿ ಏರುವುದು ಇಲ್ಲಿ 60 ಮುಟ್ಟುತ್ತದೆ. ಸಪ್ತರ್ಷಿ ಮಂಡಲದ ಎಂ81, ಎಂ82 ಗ್ಯಾಲಕ್ಸಿಗಳಿಗೆ ನಡುರಾತ್ರಿ ದಾಟುವವರೆಗೆ ಕಾಯಿರಿ. ಈ ಉತ್ತರದ ಸರಕಿಗಾಗಿಯೇ ಇಷ್ಟು ದೂರ ಬರಬೇಕು.

ಬೆಳಿಗ್ಗೆ ಲೆನ್ಸನ್ನು ಬಟ್ಟೆಯಿಂದ ಒರೆಸಬೇಡಿ. ಮರಳಿನ ಕಾಳು ಗಾಜಿನ ಲೇಪನವನ್ನು ಗೀರುತ್ತದೆ. ಮೊದಲು ರಬ್ಬರ್ ಬ್ಲೋಯರಿನಿಂದ ಊದಿ, ಆಮೇಲೆ ಬ್ರಷ್. ಟ್ರೈಪಾಡಿನ ಕಾಲುಗಳನ್ನು ಊರಿಗೆ ಬಂದ ಮೇಲೆ ಬಿಚ್ಚಿ, ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಜೋಡಿಸಿ.