ಮೆಲ್ಲಗೆ ಅಂದರೆ ಎಷ್ಟು ಮೆಲ್ಲಗೆ?

ಅವ್ವ ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದು, ಮಸಿ ಹಿಡಿದ ಪಾತ್ರೆ ಉಜ್ಜಿದ ಹಾಗೆ ಅಡ್ಡಡ್ಡ ಹಲ್ಲು ತಿಕ್ಕುತ್ತಾಳೆ. ಯಾದಗಿರಿ ಕಡೆಯ ಹಳ್ಳಿಯಿಂದ ಕಲಬುರಗಿಗೆ ನಮ್ಮ ಜೊತೆ ಇರಲು ಬಂದ ಮೇಲೂ ಅದೇ ರೂಢಿ. ಒಸಡು ಸರಿದು ಹಲ್ಲಿನ ಬುಡ ಕಾಣುತ್ತಿತ್ತು. ತಣ್ಣೀರು ತಾಗಿದರೆ ಜುಂ ಅನ್ನುತ್ತಿತ್ತು. ಹಲ್ಲಿನ ಡಾಕ್ಟರ್ ಪ್ರತಿ ಸಲವೂ ‘ಮೆಲ್ಲಗೆ ತಿಕ್ಕಿ’ ಅನ್ನುತ್ತಿದ್ದರು. ಆದರೆ ಮೆಲ್ಲಗೆ ಅಂದರೆ ಎಷ್ಟು ಅಂತ ಬರೀ ಮಾತಲ್ಲಿ ತಿಳಿಯುವುದು ಕಷ್ಟ ಅಲ್ವಾ? ಅದಕ್ಕೇ ಪ್ರೆಶರ್ ಸೆನ್ಸರ್ ಇರುವ ಎಲೆಕ್ಟ್ರಿಕ್ ಬ್ರಷ್ ತರಿಸಿದೆ.

ಬಾಯಲ್ಲಿಟ್ಟು ಬಟನ್ ಒತ್ತಿದಳು. ಹಿಡಿಯ ಮೇಲಿನ ಉಂಗುರದಂಥ ಲೈಟ್ ತಕ್ಷಣ ಕೆಂಪಾಯಿತು. ಬ್ರಷ್ಷಿನ ಓಟವೂ ನಿಧಾನವಾಯಿತು.

“ಯಾಕ ಕೆಂಪ ಆಗ್ಲತ್ತದ? ಕೆಟ್ಟದೇನು?”

“ಕೆಟ್ಟಿಲ್ಲವ್ವ, ನೀ ಭಾಳ ಒತ್ಲತ್ತಿ.”

ಮುಷ್ಟಿ ಬಿಡಿಸಿ, ಪೆನ್ನು ಹಿಡಿಯುವ ಹಾಗೆ ಬೆರಳ ತುದಿಯಲ್ಲಿ ಹಿಡಿಸಿದೆ. ಲೈಟ್ ಬಿಳಿಯಾಯಿತು. ಅಂದರೆ ಈಗ ಒತ್ತಡ ತೀರಾ ಕಮ್ಮಿ. ಒಂಚೂರು ತಾಗಿಸಿದಾಗ ಹಸಿರು ಬಂತು, ಅಂದರೆ ಒತ್ತಡ ಸರಿಯಾಗಿದೆ. ಈ ಬಣ್ಣಗಳು ಎಲ್ಲ ಬ್ರಷ್‌ಗೂ ಒಂದೇ ಅಲ್ಲ. ಕೆಲವು ಕಂಪನಿಯವು ಜಾಸ್ತಿ ಒತ್ತಿದರೆ ನೇರಳೆ ಲೈಟ್ ತೋರಿಸುತ್ತವೆ, ಇನ್ನು ಕೆಲವು ಸದ್ದು ಬದಲಿಸುತ್ತವೆ. ಅವ್ವ ಕನ್ನಡಿ ಮುಂದೆ ನಿಂತು ಹಸಿರು ಬಿಡದ ಹಾಗೆ ಬ್ರಷ್ಷನ್ನು ಹಲ್ಲಿಂದ ಹಲ್ಲಿಗೆ ಸರಿಸಿದಳು. ತಿಕ್ಕಬೇಕಾಗಿಲ್ಲ, ಇಟ್ಟು ಸರಿಸಿದರೆ ಸಾಕು. ತಿರುಗುವ ಕೆಲಸ ಅದೇ ಮಾಡುತ್ತದೆ.

30 ಸೆಕೆಂಡಿಗೊಮ್ಮೆ ಬ್ರಷ್ ಒಂದು ಕ್ಷಣ ತಡೆದು ನಡೆಯುತ್ತದೆ. ಬಾಯಿಯ ಇನ್ನೊಂದು ಕಾಲುಭಾಗಕ್ಕೆ ಹೋಗು ಅಂತ ಅದರ ಅರ್ಥ. ನಾಲ್ಕು ಭಾಗ ಸೇರಿ 2 ನಿಮಿಷ. ಫೋನಿನ ಆ್ಯಪ್‌ನಲ್ಲಿ ಹಲ್ಲುಸಾಲಿನ ಚಿತ್ರವೂ ಬರುತ್ತದೆ. ಆದರೆ ಅದು ಕೈಯ ಚಲನೆ ನೋಡಿ ಬ್ರಷ್ ಎಲ್ಲಿದೆ ಅಂತ ಅಂದಾಜಿಸುವುದು ಅಷ್ಟೇ. ಹಲ್ಲು ಸ್ವಚ್ಛವಾಯಿತಾ ಅಂತ ಅದಕ್ಕೆ ಕಾಣಿಸುವುದಿಲ್ಲ. ಅವ್ವನಿಗೆ ಆ್ಯಪ್ ಬೇಡ ಅಂತ ನನಗನ್ನಿಸಿತು. ಲೈಟ್ ಒಂದೇ ಸಾಕು.

ಬಾಯಿ ಮುಕ್ಕಳಿಸಿ ಅವ್ವ ಕೇಳಿದಳು, “ಇಷ್ಟು ಹಗೂರ ತಿಕ್ಕಿದ್ರ ಈ ಕಲಿ ಹ್ಯಾಂಗ ಹೋಗ್ತಾವ?”

ಆಗ ತಿಳಿಯಿತು, ಇಷ್ಟು ವರ್ಷ ಅವಳು ಅಷ್ಟು ಜೋರಾಗಿ ತಿಕ್ಕಿದ್ದು ಯಾಕೆ ಅಂತ. ಮುಂದಿನ ಹಲ್ಲುಗಳ ಮೇಲಿನ ಕಂದು ಕಲೆ ಅವಳಿಗೆ ಕೊಳೆ. ನಾಲ್ಕು ಜನರ ಮುಂದೆ ನಗುವಾಗ ಸೆರಗು ಬಾಯಿಗೆ ಹಿಡಿಯುವುದೂ ಅದಕ್ಕೇ.

ಅದು ಕೊಳೆ ಅಲ್ಲ, ಫ್ಲೋರೋಸಿಸ್. ಯಾದಗಿರಿ ಜಿಲ್ಲೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಒಸಡಿನ ಒಳಗೆ ಹಲ್ಲು ಬೆಳೆಯುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಅಂಥ ನೀರು ಕುಡಿದರೆ ಕಲೆ ಹಲ್ಲಿನ ಹೊರಪದರವಾದ ಎನಾಮೆಲ್‌ನಲ್ಲೇ ಕೂತುಬಿಡುತ್ತದೆ. ಯಾವ ಬ್ರಷ್ಷಿಗೂ ಅದು ಹೋಗುವುದಿಲ್ಲ. “ನಿನ್ನ ತಪ್ಪಲ್ಲವ್ವ, ನೀರಿಂದು” ಅಂದೆ.

ಅವಳು ಸ್ವಲ್ಪ ಹೊತ್ತು ಬ್ರಷ್ಷನ್ನೇ ನೋಡಿದಳು. ಆಮೇಲೆ, “ಹಂಗಾರ ಊರಾಗ ಹುಡುಗ್ರು ಈಗ ಯಾವ ನೀರು ಕುಡೀಲತ್ತಾವ?” ಅಂದಳು. ಅಣ್ಣನಿಗೆ ಫೋನ್ ಹಚ್ಚಿಸಿದಳು. ಕುದಿಸಿ ಕುಡಿಸುತ್ತೇವೆ ಅಂತ ಅವನು ಹೇಳಿದ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಅಂತ ನಾನು ಪಕ್ಕದಿಂದ ಹೇಳಿದ್ದನ್ನು ಅವ್ವ ಎರಡೆರಡು ಸಲ ಅವನ ಕಿವಿಗೆ ಹಾಕಿದಳು. ನಾಳೆಯಿಂದಲೇ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಬೇಕು ಅಂತ ತಾಕೀತು ಮಾಡಿ ಫೋನ್ ಇಟ್ಟಳು.