ಬಂಗಾರಪೇಟೆ ಝೆರಾಕ್ಸ್ ಅಂಗಡಿಯ ಬಿಟ್ಟಿ ಪಾಠದ ಡಬ್ಬ: ಇಲ್ಲಿಯವರೆಗಿನ ಕಥೆ

ಅಂಗಡಿ ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪ್ ಈಗ ಪೂರ್ತಿ ಪಾಠಗಳಿಗೇ ಮೀಸಲು, ನಾನು ಡಬ್ಬ ಅನ್ನೋದು ಇದನ್ನೇ. 4 ಜಿಬಿ ರ‍್ಯಾಮ್, ವಿಂಡೋಸ್ ಬದಲು ಲಿನಕ್ಸ್ ಮಿಂಟ್, ಹೊಸದಾಗಿ ಹಾಕಿದ 1 ಟಿಬಿ ಹಾರ್ಡ್ ಡಿಸ್ಕ್. ಪಕ್ಕದಲ್ಲೊಂದು ವೈಫೈ ರೂಟರ್. ರೂಟರ್‌ಗೆ ಇಂಟರ್ನೆಟ್ ಕೊಟ್ಟಿಲ್ಲ, ಬೇಕಂತಲೇ. ಬಂದವರು ಆ ವೈಫೈ ಹಿಡಿದು ಬ್ರೌಸರ್ ತೆರೆದರೆ ಡಬ್ಬದಲ್ಲಿರುವುದೆಲ್ಲ ಕಾಣುತ್ತದೆ. ರೀಲ್ಸ್ ಮಾತ್ರ ಕಾಣುವುದಿಲ್ಲ. ಪೆನ್‌ಡ್ರೈವ್ ತಂದರೆ ಕಾಪಿ ಹಾಕಿಕೊಡುತ್ತೇನೆ.

ಈ ಕಾಲದಲ್ಲಿ ಆಫ್‌ಲೈನ್ ಯಾಕೆ ಅಂತ ಕೇಳುವವರು ಒಮ್ಮೆ ಬೆಳಗಿನ ರೈಲು ಹತ್ತಿ ನೋಡಲಿ. ಮಾರಿಕುಪ್ಪಂನಿಂದ ತುಂಬಿಕೊಂಡೇ ಬರುವ ಗಾಡಿ ನಮ್ಮ ಸ್ಟೇಷನ್ನಿನಲ್ಲಿ ಇನ್ನಷ್ಟು ತುಂಬಿಕೊಂಡು ಟೇಕಲ್, ಮಾಲೂರು ದಾಟಿ ಬೆಂಗಳೂರಿಗೆ ಓಡುತ್ತದೆ. ಅದರಲ್ಲಿ ದಿನಾ ಹೋಗಿಬರುವ ಹುಡುಗರಿಗೆ ಓದೋಕೆ ಸಿಗುವ ಸಮಯ ಅಂದರೆ ಅದೇ. ನಡುವೆ ಸಿಗ್ನಲ್ ಬರುತ್ತೆ, ಹೋಗುತ್ತೆ. ವಿಡಿಯೊ ಸುತ್ತುತ್ತಾ ಕೂರುತ್ತದೆ. ಫೋನಿನಲ್ಲೇ ಇದ್ದರೆ ಆ ತಲೆನೋವೇ ಇಲ್ಲ.

ಮೊದಲು ತುಂಬಿಸಿದ್ದು

ಕಿವಿಕ್ಸ್ ಅಂತ ಒಂದು ಸಾಫ್ಟ್‌ವೇರ್ ಇದೆ. ಇಡೀ ವಿಕಿಪೀಡಿಯವನ್ನು ಒಂದೇ ಫೈಲ್ ಮಾಡಿ ಇಟ್ಟುಕೊಂಡು ನೆಟ್ ಇಲ್ಲದೆ ಓದಬಹುದು. ಒಂದು ಕಂಪ್ಯೂಟರ್‌ನಿಂದ ಸುತ್ತಲಿನ ಫೋನುಗಳಿಗೆಲ್ಲ ಹಂಚಲೂಬಹುದು. ನನ್ನ ಡಬ್ಬದ ಬೆನ್ನೆಲುಬೇ ಇದು. ಇಂಗ್ಲಿಷ್ ವಿಕಿಪೀಡಿಯ ಚಿತ್ರಗಳ ಸಮೇತ ಸುಮಾರು 100 ಜಿಬಿ. ದೊಡ್ಡ ಫೈಲನ್ನು ತುಂಡು ತುಂಡಾಗಿ ಇಳಿಸುವ ಟೊರೆಂಟ್‌ನಲ್ಲಿ ಇಳಿಸಿದ್ದರಿಂದ ಕರೆಂಟು ಹೋದರೂ ಮೊದಲಿನಿಂದ ಶುರು ಮಾಡಬೇಕಾಗಲಿಲ್ಲ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದದ್ದು. ಲೇಖನಗಳು 30 ಸಾವಿರ ದಾಟಿವೆ, ಆದರೂ ಫೈಲ್ ಚಿಕ್ಕದು. ಸಾಧಾರಣ ಫೋನಿನಲ್ಲೂ ಹಿಡಿಸುತ್ತದೆ.

ಆಮೇಲೆ ಫೆಟ್. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಕಾರ್ಲ್ ವೀಮನ್ ಶುರು ಮಾಡಿದ ಯೋಜನೆ. ಅದಕ್ಕೆ ಹಿಂದಿನ ವರ್ಷವೇ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಬೆರಳಲ್ಲಿ ಎಳೆದು ಆಡಿಸಬಹುದಾದ ಪ್ರಯೋಗಗಳು, ಹಲವು ಕನ್ನಡದಲ್ಲೂ ಇವೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿದ್ಯುತ್ತಿನ ಪಾಠ ಇರುತ್ತದಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ವೈರು, ಬಲ್ಬು, ಬ್ಯಾಟರಿ ಜೋಡಿಸಿದರೆ ಬಲ್ಬು ಹತ್ತುತ್ತದೆ. ಶಾರ್ಟ್ ಮಾಡಿದರೆ ಬ್ಯಾಟರಿಗೆ ಬೆಂಕಿ. ಓಮನ ನಿಯಮ ಆಮೇಲೆ, ಮೊದಲು ಎಲ್ಲರೂ ಬೆಂಕಿ ಹಚ್ಚುವವರೇ! ಹಚ್ಚಲಿ ಬಿಡಿ. ಆಮೇಲೆ ರೆಸಿಸ್ಟರ್ ಹಾಕಿ ಆರಿಸುವುದನ್ನು ತಾವೇ ಕಂಡುಕೊಳ್ಳುತ್ತಾರೆ.

ಶಾಲಾ ಪಾಠಗಳ ಸರ್ಕಾರಿ ತಾಣ ದೀಕ್ಷಾ ಡಬ್ಬದಲ್ಲಿಲ್ಲ. ಅದರ ಆ್ಯಪ್‌ನಲ್ಲೇ ಪಾಠ ಇಳಿಸಿಟ್ಟುಕೊಳ್ಳಬಹುದು. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೇ ಹೋಗುತ್ತದೆ. ಆ ಚೌಕ ಯಾಕಿದೆ ಅಂತ ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ. ಪುಸ್ತಕ ಝೆರಾಕ್ಸ್‌ಗೆ ಬಂದಾಗ ತೋರಿಸುತ್ತೇನೆ.

ಫೋಲ್ಡರ್‌ಗಳ ಹೆಸರು ಬದಲಾಯಿತು

ಗಣಿತ, ವಿಜ್ಞಾನ, ಕಂಪ್ಯೂಟರ್, ಇತಿಹಾಸ ಅಂತ ಫೋಲ್ಡರ್ ಇದ್ದವು. ನೋಡಿದವರೆಲ್ಲ "ಎಷ್ಟೊಂದಿದೆ ಅಣ್ಣಾ" ಅಂದು ಫೋನು ಜೇಬಿಗಿಡುತ್ತಿದ್ದರು. ಬಿಟ್ಟಿ ಪಾಠಕ್ಕೆ ಇವತ್ತು ಬರ ಇಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2001ರಲ್ಲೇ ತಮ್ಮ ಪಾಠಗಳನ್ನೆಲ್ಲ ಬಿಟ್ಟಿಯಾಗಿ ಹಾಕುತ್ತೇವೆ ಅಂತ ಘೋಷಿಸಿದರು, ಈಗ ಅವರ ಓಪನ್‌ಕೋರ್ಸ್‌ವೇರ್ ತಾಣದಲ್ಲಿ 2,500ಕ್ಕೂ ಜಾಸ್ತಿ ಕೋರ್ಸ್‌ಗಳಿವೆ. ನಮ್ಮ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಬಿಟ್ಟಿ ಉಪನ್ಯಾಸಗಳ ಎನ್‌ಪಿಟಿಇಎಲ್ ಇದೆ. ದೂರಶಿಕ್ಷಣದ ಇಗ್ನೊ ವಿಶ್ವವಿದ್ಯಾಲಯದವರ ಇ-ಜ್ಞಾನಕೋಶ ತಾಣದಲ್ಲಿ ಡಿಗ್ರಿ ಪುಸ್ತಕಗಳೇ ಇವೆ. ಇಷ್ಟೆಲ್ಲ ಇರುವಾಗ ನನಗೆ ಉಳಿದ ಕೆಲಸ ಒಂದೇ, ಎದುರಿಗೆ ನಿಂತವರಿಗೆ ಮೊದಲು ಯಾವುದನ್ನು ಕೊಡುವುದು ಅನ್ನೋದು.

ಹಾಗಾಗಿ ಈಗ ಫೋಲ್ಡರ್‌ಗಳಿಗೆ ಜನರ ಹೆಸರು: ಹತ್ತನೇ ಕ್ಲಾಸಿನವರು, ಡಿಪ್ಲೊಮಾದವರು, ರೈಲಿನವರು, ಆಫೀಸು ಕೆಲಸ ಹುಡುಕುವವರು. ಪ್ರತಿಯೊಂದರಲ್ಲೂ '1' ಅಂತ ಶುರುವಾಗುವ ಫೈಲ್ ಒಂದೇ. ಅದನ್ನು ನೋಡಿ ಮುಗಿಸಿ ಬಂದವರಿಗೆ ಮುಂದಿನದು.

ರೈಲಿನವರಿಗೆ ಎನ್‌ಪಿಟಿಇಎಲ್ ಉಪನ್ಯಾಸ ಚೆನ್ನಾಗಿ ಹೊಂದುತ್ತದೆ, ಉದ್ದ ಇದ್ದರೂ. ಕೆಲವು ಕೋರ್ಸ್‌ಗಳ ಪಾಠ ಕನ್ನಡಕ್ಕೂ ಅನುವಾದ ಆಗಿದೆ. ಆ ಪಿಡಿಎಫ್ ಮೊದಲು ಓದಿಸಿ ಆಮೇಲೆ ಇಂಗ್ಲಿಷ್ ವಿಡಿಯೊ ಕೊಟ್ಟರೆ ಕನ್ನಡ ಮೀಡಿಯಂನಿಂದ ಬಂದವರು ಬೇಗ ಬಿಡುವುದಿಲ್ಲ. ಡಿಪ್ಲೊಮಾ ಮುಗಿಸಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಿದ ಹುಡುಗಿಯೊಬ್ಬಳು ಮ್ಯಾಟ್ರಿಕ್ಸ್ ಅಂದರೆ ಭಯ ಅಂದಳು. ಎಂಐಟಿಯ ಗಿಲ್ಬರ್ಟ್ ಸ್ಟ್ರಾಂಗ್ ಅವರ ಲೀನಿಯರ್ ಆಲ್ಜೀಬ್ರಾ ಹಾಕಿಕೊಟ್ಟೆ. ಸೀಮೆಸುಣ್ಣ, ಕರಿಹಲಗೆ, ನಿಧಾನದ ಮಾತು. "ಈ ತಾತ ಹೇಳೋ ಇಂಗ್ಲಿಷ್ ಅರ್ಥ ಆಗುತ್ತೆ ಅಣ್ಣಾ" ಅಂತ ಇನ್ನೊಂದಿಷ್ಟು ಕಾಪಿ ಹಾಕಿಸಿಕೊಂಡು ಹೋದಳು.

ಆಫೀಸು ಕೆಲಸ ಹುಡುಕುವವರೆಲ್ಲ ಕೇಳುವುದು ಟ್ಯಾಲಿ. ಅದು ದುಡ್ಡು ಕೊಟ್ಟು ತಗೋಬೇಕಾದ ಲೆಕ್ಕಪತ್ರದ ಸಾಫ್ಟ್‌ವೇರ್. ಆದರೆ ಅದರಲ್ಲೇ ಎಜುಕೇಷನಲ್ ಮೋಡ್ ಅಂತ ಇದೆ. ಅದು ಬಿಟ್ಟಿ, ಒಂದು ಷರತ್ತಿದೆ: ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ಎಂಟ್ರಿ ಹಾಕಬಹುದು. ಕಲಿಯುವುದಕ್ಕೆ ಅಷ್ಟು ಸಾಕಲ್ವಾ? ಅದಕ್ಕೂ ಮೊದಲು ನಾನು ಹಾಕಿಸುವುದು ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್‌ನಿಂದ ಲಿಬ್ರೆ ಆಫೀಸ್ ಕ್ಯಾಲ್ಕ್, ಎಕ್ಸೆಲ್ ತರಹದ ಬಿಟ್ಟಿ ಸಾಫ್ಟ್‌ವೇರ್. ಹತ್ತು ನಿಮಿಷದ ಆಸುಪಾಸಿನ ಸಣ್ಣ ಸಣ್ಣ ವಿಡಿಯೊ, ಕನ್ನಡದಲ್ಲಿ ಮಾತು. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ಸಾಫ್ಟ್‌ವೇರ್ ತೆರೆದು ಅವರು ಮಾಡಿದ್ದನ್ನೇ ನಾವೂ ಮಾಡುತ್ತಾ ಹೋಗುವುದು. ಇಡೀ ಡಬ್ಬದಲ್ಲಿ ಅತಿ ಜಾಸ್ತಿ ಕಾಪಿ ಆಗಿರುವುದು ಇದೇ. ಹೊಳೆಯುವ ದೊಡ್ಡ ಹೆಸರುಗಳಲ್ಲ.

ಸರ್ಟಿಫಿಕೇಟ್ ಬರುತ್ತಾ ಅಂತ ಎಲ್ಲರೂ ಕೇಳುವುದರಿಂದ ಗೋಡೆಗೇ ಒಂದು ಚೀಟಿ ಅಂಟಿಸಿದ್ದೇನೆ. ಎಂಐಟಿ ಓಪನ್‌ಕೋರ್ಸ್‌ವೇರ್: ಇಲ್ಲ, ಕಲಿಕೆ ಮಾತ್ರ. ಎನ್‌ಪಿಟಿಇಎಲ್: ಪಾಠ ಬಿಟ್ಟಿ, ಪರೀಕ್ಷೆಗೆ ಫೀಸು ಉಂಟು. ಕೋಡಿಂಗ್ ಕಲಿಸುವ ಫ್ರೀಕೋಡ್‌ಕ್ಯಾಂಪ್: ಸರ್ಟಿಫಿಕೇಟೂ ಬಿಟ್ಟಿ.

ಗಣಿಯ ತಾತ

ಇದು ಯೋಜನೆಯಲ್ಲಿ ಇರಲಿಲ್ಲ. ಕೆಜಿಎಫ್‌ನಿಂದ ಒಬ್ಬ ಹಿರಿಯರು ಮನೆ ಕಾಗದ ಝೆರಾಕ್ಸ್ ಮಾಡಿಸಲು ಬಂದಿದ್ದರು, ಗಣಿಯಲ್ಲಿ ದುಡಿದು ನಿವೃತ್ತರಾದವರು. ಕಾಯುತ್ತಾ ಕೂತಾಗ ಹುಡುಗರ ಹತ್ತಿರ ಮಾತು ತೆಗೆದರು. ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಸೈಂಟಿಸ್ಟುಗಳು ಮೆಷೀನು ಇಟ್ಟಿದ್ದರು, ಚಿನ್ನಕ್ಕಲ್ಲ, ಆಕಾಶದಿಂದ ಬರೋದನ್ನ ಹಿಡಿಯೋಕೆ ಅಂದರು. ಹುಡುಗರು ನಕ್ಕರು. ಆಕಾಶದ್ದನ್ನು ಹಿಡಿಯೋಕೆ ಭೂಮಿಯೊಳಗೆ ಯಾಕೆ ಇಳೀತಾರೆ ತಾತಾ?

ಡಬ್ಬದಲ್ಲಿ ಹುಡುಕಿದೆ. ಕನ್ನಡದಲ್ಲಿ ಹೆಚ್ಚು ಸಿಗಲಿಲ್ಲ, ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಿಕ್ಕಿತು. ತಾತ ಹೇಳಿದ್ದು ನಿಜ. 1965ರಲ್ಲಿ ಮುಂಬೈಯ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್‌ನ ವಿಜ್ಞಾನಿಗಳು ಕೆಜಿಎಫ್‌ನಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ನ್ಯೂಟ್ರಿನೊ ಅನ್ನುವ ಅತಿ ಸೂಕ್ಷ್ಮ ಕಣಗಳ ಗುರುತು ಹಿಡಿದರು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಗಾಳಿಯ ಪದರಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊಗಳು ಅವು. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲೂ ಇನ್ನೊಂದು ತಂಡ ಹಿಡಿಯಿತು. ಅದೂ ಚಿನ್ನದ ಗಣಿಯಲ್ಲೇ! ಆಳ ಯಾಕೆ ಅಂದರೆ, ಮೇಲಿಂದ ಸುರಿಯುವ ಬೇರೆ ಕಣಗಳ ಗಲಾಟೆಯನ್ನು ಬಂಡೆ ಸೋಸಿ ನಿಲ್ಲಿಸುತ್ತದೆ. ನ್ಯೂಟ್ರಿನೊ ಮಾತ್ರ ಯಾವ ಬಂಡೆಗೂ ಕ್ಯಾರೇ ಅನ್ನದೆ ಬರುತ್ತದೆ.

ನಾನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ, ತಾತ ನಡುವೆ ಗಣಿಯೊಳಗಿನ ಬಿಸಿ, ಲಿಫ್ಟು, ಬಂಡೆ ಸಿಡಿತದ ಮಾತು ಸೇರಿಸಿದರು. ನಕ್ಕವರಲ್ಲೇ ಒಬ್ಬ ಈಗ ಕಣಭೌತಶಾಸ್ತ್ರದ ವಿಡಿಯೊ ಕೇಳುತ್ತಿದ್ದಾನೆ. ಗಣಿ ಮುಚ್ಚಿದ್ದು 2001ರಲ್ಲಿ, ಆ ಹುಡುಗ ಹುಟ್ಟುವ ಮೊದಲು. 'ನಮ್ಮ ಜಿಲ್ಲೆ' ಅಂತ ಒಂದು ಫೋಲ್ಡರ್ ಅವತ್ತೇ ಹುಟ್ಟಿತು.

ಬಿಟ್ಟಿ ಅಂದರೆ ಏನು ಬೇಕಾದರೂ ಮಾಡಬಹುದಾ

ಝೆರಾಕ್ಸ್ ಅಂಗಡಿಯವನಾಗಿ ಇದು ನನಗೆ ಮುಖ್ಯ. ವಿಕಿಪೀಡಿಯ, ಸ್ಪೋಕನ್ ಟ್ಯುಟೋರಿಯಲ್ ಹೆಸರು ಹೇಳಿ ಹಂಚಬಹುದು, ಪ್ರಿಂಟ್ ಹಾಕಬಹುದು. ಎಂಐಟಿ ಮತ್ತು ಶಾಲಾ ಪಾಠ ಬಿಟ್ಟಿಯಾಗಿ ಕೊಡುವ ಖಾನ್ ಅಕಾಡೆಮಿ ಪಾಠಗಳನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಪೆನ್‌ಡ್ರೈವ್ ಕಾಪಿಗೆ ನಾನು ಕಾಸು ಮುಟ್ಟದಿರುವುದು ಅದಕ್ಕೇ. ಎನ್‌ಸಿಇಆರ್‌ಟಿ ಪುಸ್ತಕ ಬಿಟ್ಟಿಯಾಗಿ ಇಳಿಸಿ ಓದಬಹುದು, ಹಾಗಂತ ಅಚ್ಚು ಹಾಕಿ ಮಾರುವ ಹಾಗಿಲ್ಲ.

'ನಮ್ಮ ಜಿಲ್ಲೆ'ಗೆ ಮುಳಬಾಗಿಲಿನ ಡಿವಿಜಿ, ಮಾಲೂರು ತಾಲೂಕಿನ ಮಾಸ್ತಿ ಅವರ ಪುಸ್ತಕ ಹಾಕು ಅಂತ ಮೇಷ್ಟ್ರೊಬ್ಬರು ಪಟ್ಟು ಹಿಡಿದರು. ಲೆಕ್ಕ ತೋರಿಸಿದೆ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯದ ಹಕ್ಕು ಇರುತ್ತದೆ. ಡಿವಿಜಿ ಹೋದದ್ದು 1975ರಲ್ಲಿ, ಅಂದರೆ 2035ರ ಕೊನೆಯವರೆಗೆ. ಮಾಸ್ತಿ 1986, ಅಂದರೆ 2046. ಮೇಷ್ಟ್ರು "ಅಷ್ಟೊತ್ತಿಗೆ ನಾನಿರಲ್ಲ ಬಿಡಪ್ಪಾ" ಅಂತ ಎದ್ದು ಹೋದರು. ಮಾರನೇ ದಿನ ತಮ್ಮದೇ ಪ್ರತಿಗಳನ್ನು ತಂದು ಬೆಂಚಿನ ಮೇಲಿಟ್ಟರು, ಕೂತು ಓದಲಿ ಅಂತ.

ಸದ್ಯಕ್ಕೆ ಬಾಕಿ ಇರುವುದು

ಸಂಜೆ ಹೊತ್ತು ಕರೆಂಟು ಕೈ ಕೊಡುತ್ತಿರುವುದರಿಂದ ಡೆಸ್ಕ್‌ಟಾಪ್‌ಗೆ ಯುಪಿಎಸ್ ಬೇಕು, ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದೇನೆ. ಖಾನ್ ಅಕಾಡೆಮಿಯ ಕನ್ನಡ ಪಾಠಗಳನ್ನು ಸದ್ಯ ನನ್ನ ಫೋನಿನ ನೆಟ್‌ನಲ್ಲೇ ತೋರಿಸುತ್ತಿದ್ದೇನೆ, ಅದಕ್ಕೊಂದು ದಾರಿ ಆಗಬೇಕು. ಹತ್ತಿರದ ಊರಿನ ಅರಿವು ಕೇಂದ್ರದವರು (ಪಂಚಾಯಿತಿ ಗ್ರಂಥಾಲಯ) ಇದೇ ಡಿಸ್ಕಿನ ಒಂದು ನಕಲು ಕೇಳಿದ್ದಾರೆ. ಅವರ ಕಂಪ್ಯೂಟರ್‌ನಲ್ಲಿ ವಿಂಡೋಸ್ ಇದೆ, ಕಿವಿಕ್ಸ್ ಅದರಲ್ಲೂ ಓಡುತ್ತದೆ. ಡಿಸ್ಕು ಅವರು ತರಬೇಕು, ಕಾಪಿ ನನ್ನದು. ಇಂಗ್ಲಿಷ್ ವಿಕಿಪೀಡಿಯ ಒಂದೇ ಗಂಟೆಗಟ್ಟಲೆ ತಗೊಳ್ಳುತ್ತೆ, ಹಾಗಾಗಿ ಅಂಗಡಿಗೆ ರಜೆ ಇರುವ ದಿನ ಬನ್ನಿ ಅಂದಿದ್ದೇನೆ.