ಇಸ್ಪೀಟಿನ ಗುಲಾಮನಿಗೆ ‘ನೇವ್’ ಅಂತ ಯಾಕಂತಾರೆ?

“ಇಂಗ್ಲಿಷ್ ನಿಘಂಟಿನಲ್ಲಿ ನೇವ್ (knave) ಅಂದ್ರೆ ಠಕ್ಕ, ಮೋಸಗಾರ ಅಂತಿದೆ. ಇಸ್ಪೀಟಿನ ಗುಲಾಮನಿಗೂ ಅದೇ ಹೆಸರು. ಠಕ್ಕ ಹೇಗೆ ಗುಲಾಮನಾದ?”

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇಬಿಡುತ್ತೇನೆ. ಪ್ರಶ್ನೆಯೇ ತಲೆಕೆಳಗು. ಗುಲಾಮ, ಅಂದರೆ ಆಳು, ಮೊದಲು ಬಂದ, ಠಕ್ಕ ಆಮೇಲೆ. ಇಬ್ಬರಿಗೂ ಮೊದಲು ಇದ್ದವನು ಬರೀ ಒಬ್ಬ ಹುಡುಗ.

ಹಳೆಯ ಇಂಗ್ಲಿಷಿನಲ್ಲಿ ಈ ಪದ ‘ಕ್ನವ’. ಈಗ ಬರಹದಲ್ಲಷ್ಟೇ ಉಳಿದ ಆ ಕಕಾರವನ್ನು ಆಗ ಉಚ್ಚರಿಸುತ್ತಿದ್ದರು. ಇದರ ದಾಯಾದಿ, ಜರ್ಮನ್ನಿನ ‘ಕ್ನಾಬೆ’ಗೆ ಇಂದಿಗೂ ಹುಡುಗ ಅಂತಲೇ ಅರ್ಥ. ಹದಿನಾಲ್ಕನೇ ಶತಮಾನದ ಕೊನೆಯ ಇಂಗ್ಲಿಷ್ ಅನುವಾದವಾದ ವಿಕ್ಲಿಫ್ ಬೈಬಲ್ಲಿನಲ್ಲಿ, ಕೊನೆಯ ಪುಸ್ತಕವಾದ ಪ್ರಕಟನೆಯ 12ನೇ ಅಧ್ಯಾಯದಲ್ಲಿ, ಸಕಲ ಜನಾಂಗಗಳನ್ನು ಆಳಲಿರುವ ಕೂಸು ಹುಟ್ಟುತ್ತದೆ. ಆ ಕೂಸನ್ನು ಅಲ್ಲಿ ಕರೆದಿರುವುದು ‘ನೇವ್ ಚೈಲ್ಡ್’, ಅಂದರೆ ಗಂಡು ಮಗು ಅಂತ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನ ಹೊತ್ತಿಗೆ ಅದು ‘ಮ್ಯಾನ್ ಚೈಲ್ಡ್’ ಆಗಿದೆ.

ಹುಡುಗ ಮನೆಗೆಲಸದ ಹುಡುಗನಾದ, ಆಮೇಲೆ ಯಾವ ವಯಸ್ಸಿನ ಆಳಾದರೂ ನೇವ್ ಆದ. ಸುಮಾರು 1200ರಿಂದಲೇ ಠಕ್ಕ ಎಂಬ ಅರ್ಥವೂ ಬರಹದಲ್ಲಿ ಕಾಣಿಸುತ್ತದೆ. ಆದರೆ ಹಳೆಯದು ಕೂಡಲೇ ಸಾಯಲಿಲ್ಲ. ಎರಡೂ ನೂರಾರು ವರ್ಷ ಒಟ್ಟಿಗೇ ಬಾಳಿದವು. ಅನುವಾದಕರು ಎಡವುವುದು ಇಲ್ಲೇ.

ಶೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ ನಾಟಕದ ನಾಲ್ಕನೇ ಅಂಕ ತೆಗೆಯಿರಿ. ರಾತ್ರಿ ವಾದ್ಯ ನುಡಿಸುತ್ತಲೇ ಆಳುಹುಡುಗ ಲೂಸಿಯಸ್ ತೂಕಡಿಸುತ್ತಾನೆ. ಬ್ರೂಟಸ್ ಎಬ್ಬಿಸುವುದಿಲ್ಲ. ‘ಜೆಂಟಲ್ ನೇವ್’ ಎಂದು ಶುಭರಾತ್ರಿ ಹೇಳಿ, ಬಿದ್ದು ಮುರಿದೀತೆಂದು ವಾದ್ಯವನ್ನು ಅವನ ಕೈಯಿಂದ ಮೆಲ್ಲಗೆ ತೆಗೆದಿಡುತ್ತಾನೆ. ಇದನ್ನು ‘ಸೌಮ್ಯ ಠಕ್ಕನೇ’ ಅಂದರೆ ದೃಶ್ಯವೇ ಸತ್ತಿತು. ‘ಮುದ್ದು ಹುಡುಗಾ’ ಅನ್ನಿ, ಸಾಕು. ಅವನದೇ ‘ಕಿಂಗ್ ಲಿಯರ್’ನಲ್ಲಿ ಇನ್ನೂ ಪೇಚು: ಆಳಿನ ವೇಷದ ಕೆಂಟ್‌ನನ್ನು ರಾಜ ಇದೇ ಪದದಿಂದ ಅಕ್ಕರೆಯಿಂದ ಕರೆಯುತ್ತಾನೆ, ಅದೇ ಕೆಂಟ್ ಮುಂದೆ ಆಸ್ವಾಲ್ಡ್‌ನನ್ನು ಇದೇ ಪದದಿಂದ ಬೈಯುತ್ತಾನೆ. ಯಾರು, ಯಾರಿಗೆ, ಯಾವ ದನಿಯಲ್ಲಿ ಅಂತ ನೋಡದೆ ನಿಘಂಟು ತೆರೆಯಬೇಡಿ.

ಇಸ್ಪೀಟಿನಲ್ಲಿ ಉಳಿದದ್ದು ನಡುವಿನ ಅರ್ಥ: ರಾಜ, ರಾಣಿ, ಅವರ ಆಳು. 1860ರ ದಶಕದಲ್ಲಿ ಎಲೆಗಳ ಮೂಲೆಯಲ್ಲಿ ಅಕ್ಷರ ಅಚ್ಚಾಗತೊಡಗಿದಾಗ ತೊಂದರೆಯಾಯಿತು. ಕಿಂಗ್‌ನ ‘ಕೆ’, ನೇವ್‌ನ ‘ಕೆಎನ್’. ಕೈಯಲ್ಲಿ ಎಲೆ ಬಿಡಿಸಿ ಹಿಡಿದರೆ ಕಾಣುವುದು ಮೂಲೆ ಮಾತ್ರ; ಆಳು ರಾಜನಂತೆ ಕಂಡುಬಿಡುತ್ತಾನೆ. ಹಾಗಾಗಿ ಅದೇ ಎಲೆಯ ಇನ್ನೊಂದು ಹೆಸರಾದ ಜಾಕ್‌ನ ‘ಜೆ’ ಗೆದ್ದಿತು.

ಠಕ್ಕನ ವಿಷಯ ಬಿಡಿ, ಗುಲಾಮ ಎಲ್ಲಿಂದ ಬಂದ ಅಂತ ಯಾರಾದರೂ ಕೇಳಬಾರದೇ? ಅರಬ್ಬಿಯಲ್ಲಿ ‘ಗುಲಾಮ್’ ಅಂದರೂ ಮೊದಲು ಹುಡುಗನೇ, ಆಮೇಲೆ ಆಳು. ಕನ್ನಡಕ್ಕೆ ಬರುವಾಗ ಹುಡುಗತನ ಕಳಚಿಹೋಗಿತ್ತು. ನಮ್ಮ ‘ಮಾಣಿ’ಯೂ ಅದೇ ದಾರಿಯವನು. ಕುಂದಾಪುರದ ಮನೆಯಲ್ಲಿ ಮಾಣಿ ಅಂದರೆ ಮುದ್ದಿನ ಹುಡುಗ, ಹೋಟೆಲಿನಲ್ಲಿ ಮಾಣಿ ಅಂದರೆ ತಿಂಡಿ ತಂದುಕೊಡುವವನು, ತಲೆ ನರೆತಿದ್ದರೂ ಸರಿ. ನೇವ್‌ಗೆ ಅಂಟಿದ ಮೂರನೆಯ ಅರ್ಥ ಮಾತ್ರ ಮಾಣಿಗೆ ಅಂಟಿಲ್ಲ. ದುಡಿಯುವವನ ಹೆಸರನ್ನೇ ಬೈಗುಳ ಮಾಡಿದವರು ಆ ಆಳಂತೂ ಅಲ್ಲ, ಅವನನ್ನು ಕೂಗಿ ಕರೆಯುತ್ತಿದ್ದವರು.